ಬ್ಲಾಕ್ ದಾಟಿ ರಕ್ತ ಎಷ್ಟು ಹೋಗ್ತೈತಿ? (ಭಾಗ 3)

ಎದಿನೋವು ಅಂದ್ರ ನಮ್ಮ ಕಡೆ ಎಷ್ಟೋ ಮಂದಿ ಇಂಡಿಯಿಂದ ಸೊಲ್ಲಾಪುರಕ್ಕ, ಸಿಂದಗಿಯಿಂದ ಕಲಬುರಗಿಗೆ, ಬಸವನ ಬಾಗೇವಾಡಿ, ಮುದ್ದೇಬಿಹಾಳದಿಂದ ವಿಜಯಪುರ ಇಲ್ಲಾ ಬಾಗಲಕೋಟೆಗೆ ಹೋಗ್ತಾರ. ಆಂಜಿಯೋಗ್ರಾಂ ಆದ ಮ್ಯಾಲೆ ಮನಿಗೆ ಫೋನ್ ಬರ್ತದ: “70 ಪರ್ಸೆಂಟ್ ಬ್ಲಾಕ್ ಐತಂತ.” ಸ್ಟೆಂಟ್ ಹಾಕಿಸಬೇಕೋ, ಗುಳಿಗಿ ಸಾಕೋ? ಅರ್ಧ ತಾಸಿನಾಗ ಹೇಳಬೇಕು.

ಆ 70 ಸಾಮಾನ್ಯವಾಗಿ ಕಣ್ಣಂದಾಜು. ಆಂಜಿಯೋಗ್ರಾಂ ತೋರಿಸುವುದು ರಕ್ತನಾಳದೊಳಗಿನ ಬಣ್ಣದ ನೆರಳನ್ನು. ಇಂಡಿ ಶಾಖಾ ಕಾಲುವೆ ನೋಡಿದವರಿಗೆ ಇದು ಬೇಗ ತಿಳೀತದ. ಕಾಲುವೆ ಎಲ್ಲಿ ಸಣ್ಣದಾಗೇದ ಅಂತ ದಂಡಿ ಮ್ಯಾಲೆ ನಿಂತು ಹೇಳಬಹುದು, ಆದ್ರ ಕೊನೀ ಹೊಲಕ್ಕ ನೀರು ಮುಟ್ಟತದೋ ಇಲ್ಲೋ ಅನ್ನೋದು ಅಲ್ಲೇ ಹೋಗಿ ನೋಡಬೇಕು.

ಹಾಗೆ “ಅಲ್ಲೇ ಹೋಗಿ” ಅಳೆಯುವ ಯೋಚನೆ ಹಳೆಯದು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಚ್ಚರವಿದ್ದ ರೋಗಿಯ ಹೃದಯದ ರಕ್ತನಾಳವನ್ನು ಮೊದಲ ಸಲ ಬಲೂನಿನಿಂದ ಅಗಲಿಸಿದಾಗಲೇ ಬ್ಲಾಕಿನ ಆಚೆಗಿನ ಒತ್ತಡವನ್ನೂ ನೋಡಿದ್ದರು. ಆದರೆ ಆಗಿನ ಕೊಳವೆ ದಪ್ಪ, ತಾನೇ ಅರ್ಧ ದಾರಿ ಮುಚ್ಚುತ್ತಿತ್ತು. ಅಳತೆ ನಂಬುವ ಹಾಗಿರಲಿಲ್ಲ.

1993ರಲ್ಲಿ ನೆದರ್‌ಲೆಂಡ್ಸ್‌ನ ನಿಕೊ ಪೈಲ್ಸ್, ಬೆಲ್ಜಿಯಂನ ಬರ್ನಾರ್ಡ್ ಡಿ ಬ್ರೂಯ್ನ ಮತ್ತವರ ಸಂಗಡಿಗರು ಲೆಕ್ಕವನ್ನು ಸರಿಯಾಗಿ ಕಟ್ಟಿದರು. ಈಗ 0.36 ಮಿ.ಮೀ. ದಪ್ಪದ ತಂತಿಯ ತುದಿಯಲ್ಲಿ ಸೆನ್ಸರ್ ಇರುತ್ತದೆ. ಅಡೆನೊಸಿನ್ ಔಷಧ ಕೊಟ್ಟು ರಕ್ತದ ಹರಿವನ್ನು ಗರಿಷ್ಠಕ್ಕೆ ಏರಿಸಿ, ಬ್ಲಾಕಿನ ಆಚೆಗಿನ ಒತ್ತಡವನ್ನು ಮಹಾಪಧಮನಿಯ ಒತ್ತಡದಿಂದ ಭಾಗಿಸುತ್ತಾರೆ. ಈಚೆ 100, ಆಚೆ 90 ಇದ್ದರೆ 0.90. ಹೆಸರು ಫ್ರಾಕ್ಷನಲ್ ಫ್ಲೋ ರಿಸರ್ವ್, ಅಂದ್ರ ಎಫ್‌ಎಫ್‌ಆರ್. 0.80 ಅಥವಾ ಕಡಿಮೆ ಬಂದರೆ ಆ ಬ್ಲಾಕ್ ಹೃದಯಕ್ಕೆ ನಿಜಕ್ಕೂ ಅಡ್ಡಿ ಅಂತ ಲೆಕ್ಕ.

ಕಣ್ಣಿಗೆ ಕಾಣೋ ಬ್ಲಾಕನ್ನ ಹಂಗೇ ಬಿಡೋದಕ್ಕ ಧೈರ್ಯ ಬೇಕಲ್ಲ? ಡಿಫರ್ ಅಧ್ಯಯನದಲ್ಲಿ ಅಳತೆ ಚೆನ್ನಾಗಿದ್ದ 181 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರ ಬ್ಲಾಕನ್ನು ಮುಟ್ಟಲೇ ಇಲ್ಲ. 15 ವರ್ಷ ಕಳೆದರೂ ಅವರಿಗೆ ಅದರಿಂದ ನಷ್ಟವಾಗಿರಲಿಲ್ಲ. 2009ರ ಫೇಮ್ ಅಧ್ಯಯನದಲ್ಲಿ 1005 ರೋಗಿಗಳು. ಬರೀ ಆಂಜಿಯೋಗ್ರಾಂ ನೋಡಿದ ಗುಂಪಿನಲ್ಲಿ ಒಬ್ಬರಿಗೆ ಸರಾಸರಿ 2.7 ಸ್ಟೆಂಟ್, ಅಳೆದು ಹಾಕಿದ ಗುಂಪಿನಲ್ಲಿ 1.9. ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಮತ್ತೆ ಚಿಕಿತ್ಸೆಯ ಪ್ರಮಾಣ ಕ್ರಮವಾಗಿ ಶೇ 18.3 ಮತ್ತು ಶೇ 13.2. ಸ್ಟೆಂಟ್ ಕಡಿಮಿ, ತೊಂದ್ರಿನೂ ಕಡಿಮಿ. ನನಗ ಈ ಇಡೀ ಕಥಿಯೊಳಗ ಭಾಳ ಸೇರಿದ ಲೆಕ್ಕ ಇದು.

ನಮ್ಮ ದೇಶದಲ್ಲಿ 2017ರ ಫೆಬ್ರವರಿಯಲ್ಲಿ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಎಫ್‌ಎಫ್‌ಆರ್ ತಂತಿ ಮಾತ್ರ ಇನ್ನೂ ತುಟ್ಟಿ, ಎಲ್ಲಾ ಕಡೆ ಬಳಸೋದಿಲ್ಲ. ಆದ್ರೂ ಮಧ್ಯಮ ಬ್ಲಾಕ್ ಇದ್ದು ಅವಸರ ಇಲ್ಲದಾಗ, “ಡಾಕ್ಟರ್‌ರೀ, ಎಫ್‌ಎಫ್‌ಆರ್ ನೋಡೋ ಅಗತ್ಯ ಐತೇನ್ರಿ?” ಅಂತ ಕೇಳಾಕ ರೊಕ್ಕ ಹತ್ತೂದಿಲ್ಲ.

ಒಂದು ಮಾತು: ಇದು ಹೃದಯಾಘಾತ ಆಗ್ತಿರೋ ಹೊತ್ತಿನ ಲೆಕ್ಕ ಅಲ್ಲ. ಎದಿ ಹಿಂಡಿ ಬೆವರು ಬಂದ್ರ ದೂರದ ಊರು ಹುಡುಕಬ್ಯಾಡ್ರಿ, ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗಿಸ್ರಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದದ್ದು ಅದಕ್ಕೇ. ಆ ಇಸಿಜಿ ಕಥಿ ಭಾಗ 4ರಾಗ.