ಚೆಂಡು ಬಿಡಲು ಕಲಿಸಿದ ಮೇಷ್ಟ್ರು

ಗಲ್ಲಿಯಲ್ಲಿ ಫುಟ್‌ಬಾಲ್ ಆಡುವ ಹುಡುಗರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಕಾಲಿಗೆ ಚೆಂಡು ಸಿಕ್ಕ ಹುಡುಗ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಬ್ಬನನ್ನು ತಪ್ಪಿಸಿ, ಇನ್ನೊಬ್ಬನನ್ನು ಏಮಾರಿಸಿ, ಮೂರನೆಯವನ ಕಾಲಿಗೆ ಎಡವಿ ಬೀಳುವವರೆಗೂ ಚೆಂಡು ಅವನದೇ. ಆಚೆ ಬದಿಯಲ್ಲಿ ಗೆಳೆಯನೊಬ್ಬ ಕೈಯೆತ್ತಿ ಕೂಗುತ್ತಿದ್ದರೂ ಅವನಿಗೆ ಕೇಳಿಸದು. ಇದನ್ನು ಸ್ವಾರ್ಥವೆಂದು ಬೈಯುವ ತರಬೇತುದಾರರುಂಟು. ಪ್ರತಿಭೆಯೆಂದು ಬೆನ್ನು ತಟ್ಟುವವರೂ ಉಂಟು. ಕಳೆದ ಶತಮಾನದ ನಡುಭಾಗದಲ್ಲಿ ಹೈದರಾಬಾದಿನ ಒಬ್ಬ ಮೇಷ್ಟ್ರು ಎರಡನ್ನೂ ಮಾಡಲಿಲ್ಲ. ಡ್ರಿಬ್ಲಿಂಗ್ ಮಾಡಲೇಕೂಡದು ಎಂಬ ನಿಯಮವಿಟ್ಟು ಪಂದ್ಯಾವಳಿಗಳನ್ನೇ ನಡೆಸಿದರು.

ಅವರು ಸೈಯದ್ ಅಬ್ದುಲ್ ರಹೀಂ. 1909ರಲ್ಲಿ ಹುಟ್ಟಿದ ರಹೀಂ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಕಾಚಿಗುಡದ ಶಾಲೆಯೂ ಸೇರಿದಂತೆ ಹೈದರಾಬಾದಿನ ಹಲವು ಶಾಲೆಗಳಲ್ಲಿ ಪಾಠ ಹೇಳಿದವರು. ಮುಂದೆ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಆ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ತಂಡವನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡವೂ ಅವರ ಕೈಯಲ್ಲಿತ್ತು. ಶಿಷ್ಯರಿಗೆ ಅವರು ಕೊನೆಯವರೆಗೂ ‘ರಹೀಂ ಸಾಹೇಬ’ರು.

ಅಂದಿನ ಭಾರತದ ಆಟ ಹೇಗಿತ್ತೆಂದು ತಿಳಿಯಲು ಹೈದರಾಬಾದಿಗಿಂತ ಮೊದಲು ನಮ್ಮ ಬೆಂಗಳೂರಿನ ದಂಡು ಪ್ರದೇಶಕ್ಕೆ ಬರಬೇಕು. ಸಂತೋಷ್ ಟ್ರೋಫಿಯನ್ನು ಎರಡು ಬಾರಿ, 1946-47 ಮತ್ತು 1952-53ರಲ್ಲಿ, ಮೈಸೂರು ತಂಡ ಗೆದ್ದ ಕಾಲ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಇಲ್ಲಿಯವರು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಬರಿಗಾಲಲ್ಲಿ ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಿದ್ದರೆಂದು ಹಳಬರು ಹೇಳುತ್ತಿದ್ದರು. ಬರಿಗಾಲಿನ ಆಟಕ್ಕೆ ಅದರದೇ ಸೊಗಸಿತ್ತು. ಬೆರಳುಗಳಿಗೆ ಚೆಂಡಿನ ಸ್ಪರ್ಶ ಸಿಗುತ್ತಿತ್ತು, ಮೈ ಬಳುಕಿಸಿ ಎದುರಾಳಿಯನ್ನು ದಾಟುವುದು ಒಂದು ಕಲೆಯೇ ಆಗಿತ್ತು. ಆದರೆ 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ನಮ್ಮ ಮೇಲೆ ಹತ್ತು ಗೋಲು ಹೊಡೆಯಿತು. ನಮ್ಮ ಪರವಾಗಿ ಬಂದ ಒಂದೇ ಒಂದು ಗೋಲು ಅಹಮದ್ ಖಾನರದು. ಆ ತಂಡಕ್ಕೂ ರಹೀಂ ಅವರೇ ಗುರು. ಬೂಟು ಕಡ್ಡಾಯವಾದದ್ದು ಈ ಸೋಲಿನ ಬಳಿಕ.

ಎಲ್ಲರೂ ಬೂಟಿನ ಮಾತಾಡುತ್ತಾರೆ. ನನ್ನ ಮಟ್ಟಿಗೆ, ಬೂಟು ಆ ಸೋಲಿನ ಕತೆಯಲ್ಲಿ ಅರ್ಧ ಮಾತ್ರ. ಯುರೋಪಿನವರು ಚೆಂಡನ್ನು ಓಡಿಸುತ್ತಿದ್ದರು, ನಮ್ಮವರು ಚೆಂಡಿನೊಡನೆ ಓಡುತ್ತಿದ್ದರು. ಎಷ್ಟೇ ಚುರುಕಿನ ಹುಡುಗನಾದರೂ ಒದ್ದ ಚೆಂಡಿಗಿಂತ ವೇಗವಾಗಿ ಓಡಲಾರ.

ಇದನ್ನು ಹುಡುಗನಿಗೆ ಕಲಿಸುವುದು ಹೇಗೆ? ‘ಪಾಸ್ ಕೊಡು, ಪಾಸ್ ಕೊಡು’ ಎಂದು ಅಂಚಿನಲ್ಲಿ ನಿಂತು ಗಂಟಲು ಹರಿದುಕೊಳ್ಳಬಹುದು. ರಹೀಂ ಮೇಷ್ಟ್ರು ಆಟದ ನಿಯಮವನ್ನೇ ಬದಲಿಸಿದರು. ಡ್ರಿಬ್ಲಿಂಗ್ ನಿಷೇಧವಾದ ಪಂದ್ಯದಲ್ಲಿ ಚೆಂಡು ಬಂದ ಮೇಲೆ ಯೋಚಿಸಲು ಸಮಯವಿಲ್ಲ. ಅದು ಬರುವ ಮೊದಲೇ ಕತ್ತೆತ್ತಿ, ಯಾರು ಎಲ್ಲಿದ್ದಾರೆ, ಎಲ್ಲಿ ಜಾಗ ಖಾಲಿಯಿದೆ ಎಂದು ನೋಡಿಟ್ಟುಕೊಂಡಿರಬೇಕು. ಚೆಂಡಿಲ್ಲದವನೂ ಸುಮ್ಮನೆ ನಿಲ್ಲುವಂತಿಲ್ಲ, ಗೆಳೆಯನಿಗೆ ಕಾಣುವ ಜಾಗಕ್ಕೆ ಓಡಬೇಕು. ಯಾರೂ ಉಪದೇಶ ಮಾಡದೆಯೇ ಹುಡುಗನ ಕಣ್ಣು ಕಾಲಿನಿಂದ ಮೈದಾನಕ್ಕೆ ಏರುತ್ತದೆ.

ಅವರ ಇನ್ನೊಂದು ಪಂದ್ಯಾವಳಿ ಇನ್ನೂ ತಮಾಷೆಯದು. ಅಲ್ಲಿ ದುರ್ಬಲ ಕಾಲಿನಲ್ಲಿ ಮಾತ್ರ ಆಡಬೇಕು. ಬಲಗಾಲಿನ ಹುಲಿಗಳೆಲ್ಲ ಎಡಗಾಲಿನಲ್ಲಿ ಚೆಂಡು ಒದೆಯಬೇಕು. ಬಲಗೈ ಹುಡುಗನನ್ನು ಎಡಗೈಯಲ್ಲಿ ಕಾಗುಣಿತ ತಿದ್ದಲು ಕೂರಿಸಿದಂತೆ! ಮೊದಮೊದಲು ನಗೆಪಾಟಲಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಒಂದೇ ಕಾಲಿನ ಆಟಗಾರ ಯಾವ ಕಡೆಗೆ ತಿರುಗುತ್ತಾನೆಂದು ಎದುರಾಳಿಗೆ ಮೊದಲೇ ಗೊತ್ತಿರುತ್ತದೆ. ಎರಡೂ ಕಾಲು ಪಳಗಿದವನ ಮುಂದೆ ಎದುರಾಳಿ ಅರೆಗಳಿಗೆ ತಡವರಿಸುತ್ತಾನೆ. ಫುಟ್‌ಬಾಲಿನಲ್ಲಿ ಆ ಅರೆಗಳಿಗೆ ಸಾಕು. ಎಲ್ಲರೂ ಸಮಾನವಾಗಿ ಎಡವುವ ಪಂದ್ಯದಲ್ಲಿ ಎಡವಲು ಯಾರೂ ನಾಚುವುದಿಲ್ಲ ಎಂಬ ಗುಟ್ಟು ಶಾಲೆಯಲ್ಲಿ ಪಾಠ ಹೇಳಿದವರಿಗೆ ಹೊಳೆದದ್ದು ಸಹಜವೇ.

ಹೀಗೆ ಕಟ್ಟುಹಾಕಿದರೆ ಹುಡುಗರ ಸ್ವಂತ ಕಲ್ಪನೆ ಸಾಯುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಭಾಮಿನಿ ಷಟ್ಪದಿಯ ಆರು ಸಾಲಿನ ಕಟ್ಟಿನೊಳಗೆ ಕುಮಾರವ್ಯಾಸನ ಕಲ್ಪನೆ ಸತ್ತಿತೇ ಎಂದು ನಾವು ಕನ್ನಡಿಗರು ಮರುಪ್ರಶ್ನೆ ಹಾಕಬಹುದು. ಫುಟ್‌ಬಾಲಿನಲ್ಲೇ ಬೇರೆ ಸಾಕ್ಷಿ ಬೇಕಿದ್ದರೆ ದಕ್ಷಿಣ ಅಮೆರಿಕವಿದೆ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಇನ್ನೊಬ್ಬ ಶಿಕ್ಷಕ ಫುಟ್‌ಬಾಲನ್ನು ಬ್ಯಾಸ್ಕೆಟ್‌ಬಾಲ್ ಅಂಗಣದೊಳಗೆ ತಂದ. ಇಕ್ಕಟ್ಟಾದ ಜಾಗ, ಕಡಮೆ ಆಟಗಾರರು. ಅದೇ ಮುಂದೆ ಫುಟ್ಸಾಲ್ ಆಯಿತು. ಬ್ರೆಜಿಲ್‌ನ ಪೆಲೆಯೂ ಬಾಲ್ಯದಲ್ಲಿ ಆ ಇಕ್ಕಟ್ಟಿನಲ್ಲೇ ಪಳಗಿದವನು. ಇಂದು ಯುರೋಪಿನ ಅಕಾಡೆಮಿಗಳು ಪುಟ್ಟ ಮೈದಾನ, ಎರಡೇ ಸ್ಪರ್ಶಕ್ಕೆ ಚೆಂಡು ಬಿಡುವ ನಿಯಮ ಎಂದೆಲ್ಲ ಮಕ್ಕಳಿಗೆ ಕಲಿಸುವುದೂ ಇದೇ ದಾರಿಯಲ್ಲಿ.

ರಹೀಂ ಅವರ ನಿಯಮ ಪ್ರತಿಭೆಯನ್ನು ಕೊಲ್ಲಲಿಲ್ಲ ಎನ್ನಲು ತುಳಸಿದಾಸ್ ಬಲರಾಮ್ ಒಬ್ಬರೇ ಸಾಕು. ಸಿಕಂದರಾಬಾದಿನ ಅಂಚಿನ ಅಮ್ಮುಗುಡದ ಬಡ ಹುಡುಗ. ದೂರದ ಮೈದಾನಕ್ಕೆ ಬರಲು ಕಾಸಿಲ್ಲವೆಂದಾಗ ರಹೀಂ ಸಾಹೇಬರು ಸೈಕಲ್ ಬಾಡಿಗೆಗೆ ದುಡ್ಡು ಕೊಟ್ಟು ಕರೆಸಿಕೊಂಡರೆಂದು ಬಲರಾಮ್ ನೆನೆಯುತ್ತಿದ್ದರು. ಇಂಥ ಹುಡುಗನ ಡ್ರಿಬ್ಲಿಂಗ್ ಎಲ್ಲಿಯೂ ಕಳೆದುಹೋಗಲಿಲ್ಲ; ಅದನ್ನು ಯಾವಾಗ ಮಾಡಬೇಕು, ಯಾವಾಗ ಬಿಡಬೇಕು ಎಂಬುದು ಸೇರಿಕೊಂಡಿತು, ಅಷ್ಟೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬಲಿಷ್ಠ ಹಂಗೆರಿಯ ವಿರುದ್ಧ ಭಾರತ 1-2ರಿಂದ ಮಾತ್ರ ಸೋತಿತು. ನಮ್ಮ ಗೋಲು ಬಲರಾಮ್ ಅವರದು.

ಅದಕ್ಕೂ ಮೊದಲೇ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಹೆಲ್ಸಿಂಕಿಯ ಲೆಕ್ಕ ಒಂದಿಷ್ಟು ಚುಕ್ತಾ ಆಗಿತ್ತು. ಹೈದರಾಬಾದಿನ ಹಲವರ ಜೊತೆಗೆ ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. ಹಂಗೆರಿ ಹಿಂದೆ ಸರಿದದ್ದರಿಂದ ಮೊದಲ ಸುತ್ತು ಆಡದೆಯೇ ದಾಟಿತೆನ್ನುವುದನ್ನು ಮುಚ್ಚಿಡಬೇಕಿಲ್ಲ. ಆದರೆ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದ್ದು ಆಡಿಯೇ. ನೆವಿಲ್ ಡಿಸೋಜ ಅವರದು ಅದರಲ್ಲಿ ಮೂರು ಗೋಲು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೋಸ್ಲಾವಿಯ. ಈ ಸಲ ಮೊದಲ ಗೋಲು ನಮ್ಮದು! ಕೊನೆಗೆ 1-4ರಿಂದ ಸೋತರೂ, ಭಾರತ ನಾಲ್ಕನೆಯ ಸ್ಥಾನ ಪಡೆಯಿತು.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ರಹೀಂ ಅವರನ್ನು ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ ನಮ್ಮನ್ನು ಎರಡು ಗೋಲುಗಳಿಂದ ಸೋಲಿಸಿತು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರು. ರಹೀಂ ಅವರನ್ನು ಮುಂಚೂಣಿಗೆ ಕಳಿಸಿದರು. ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯ, ಸುತ್ತಲೂ ಭಾರತವನ್ನು ಹೀಯಾಳಿಸುತ್ತಿದ್ದ ಪ್ರೇಕ್ಷಕಸಾಗರ. ನಮ್ಮ ಪರವಾಗಿ ಕೂಗಿದವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರಿದ್ದರು! ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಇನ್ನೊಂದು. 2-1ರಿಂದ ಚಿನ್ನ.

1963ರ ಜೂನ್‌ನಲ್ಲಿ ರಹೀಂ ತೀರಿಕೊಂಡರು. 1965-66ರಲ್ಲಿ ಆಂಧ್ರ ಸಂತೋಷ್ ಟ್ರೋಫಿ ಗೆದ್ದಿತು, 1970ರ ಬ್ಯಾಂಕಾಕ್ ಏಷ್ಯಾಡ್‌ನಲ್ಲಿ ಭಾರತಕ್ಕೆ ಕಂಚು ಬಂತು. ಅಲ್ಲಿಂದಾಚೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಪದಕವಿಲ್ಲ, ರೋಮ್ ನಂತರ ಒಲಿಂಪಿಕ್ಸ್‌ನ ಮೈದಾನವನ್ನೂ ನಮ್ಮ ಪುರುಷರ ತಂಡ ಕಂಡಿಲ್ಲ. ಕಾರಣಗಳು ಹಲವು. ಅವುಗಳಲ್ಲಿ ಒಂದೆಂದರೆ, ರಹೀಂ ಅವರ ಪಾಠಗಳು ಹೆಚ್ಚಾಗಿ ಶಿಷ್ಯರ ನೆನಪಿನಲ್ಲೇ ಉಳಿದದ್ದು. ಶಾಲೆಶಾಲೆಗೂ ಹಂಚಬಹುದಾಗಿದ್ದ ಆ ಪಂದ್ಯಾವಳಿಗಳು ಒಬ್ಬ ಮನುಷ್ಯನ ಉತ್ಸಾಹಕ್ಕೆ ಅಂಟಿಕೊಂಡಿದ್ದವು.

2024ರಲ್ಲಿ ‘ಮೈದಾನ್’ ಎಂಬ ಹಿಂದಿ ಚಿತ್ರ ಬಂದ ಮೇಲೆ ರಹೀಂ ಅವರ ಹೆಸರು ಹೊಸ ತಲೆಮಾರಿನ ಕಿವಿಗೆ ಬಿತ್ತು. ರೋಮ್ ತಂಡದಲ್ಲಿದ್ದು, ಮುಂದೆ ಅಂತರರಾಷ್ಟ್ರೀಯ ರೆಫರಿಯಾದ ಅವರ ಮಗ ಎಸ್.ಎಸ್. ಹಕೀಂ ಅದನ್ನು ನೋಡಲು ಇರಲಿಲ್ಲ. 2021ರ ಆಗಸ್ಟ್‌ನಲ್ಲಿ ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಅವರು ಕೊನೆಯುಸಿರೆಳೆದಿದ್ದರು. ಬಲರಾಮ್ 2023ರಲ್ಲಿ ಹೋದರು.