‘ಡೆಫಿಶಿಯೆನ್ಸಿ’ ಎಂದರೆ ಇಲ್ಲವೇ ಇಲ್ಲ ಎಂದರ್ಥವೇ?

ಸೇಡಂನಲ್ಲಿ ರಕ್ತ ಪರೀಕ್ಷೆ ಮಾಡಿಸಿದವರ ರಿಪೋರ್ಟಿನಲ್ಲಿ ‘ಡೆಫಿಶಿಯೆನ್ಸಿ’ ಎಂಬ ಪದ ಕಾಣಬಹುದು. ಹೊಲದ ಮಣ್ಣು ಪರೀಕ್ಷೆಯ ಕಾರ್ಡಿನಲ್ಲೂ, ಹವಾಮಾನ ಇಲಾಖೆಯ ಮಳೆ ಪಟ್ಟಿಯಲ್ಲೂ ‘ಡೆಫಿಶಿಯೆಂಟ್’ ಎಂದು ಬರೆದಿರುತ್ತದೆ. ಮೂರಕ್ಕೂ ನಾವು ‘ಕೊರತೆ’ ಎನ್ನುತ್ತೇವೆ. ಕೆಲವರಂತೂ ‘ಮೈಯಾಗ ರಕ್ತನೇ ಇಲ್ಲಂತ’ ಎಂದು ಹೆದರಿಬಿಡುತ್ತಾರೆ. ಆದರೆ ಈ ಪದದ ಅರ್ಥ ‘ಇಲ್ಲ’ ಎಂದಲ್ಲ. ‘ಬೇಕಾದ ಅಳತೆಗಿಂತ ಕಡಿಮೆ’ ಎಂದು.

ಲ್ಯಾಟಿನ್ ಭಾಷೆಯಲ್ಲಿ ಸಾಲದೆ ಹೋಗು, ಕೈಕೊಡು ಎಂಬ ಅರ್ಥದ ಪದವೊಂದಿದೆ. ಡೆಫಿಶಿಯೆನ್ಸಿ ಹುಟ್ಟಿದ್ದು ಅದರಿಂದ. ಬಜೆಟ್ ಸುದ್ದಿಯಲ್ಲಿ ಬರುವ ‘ಡೆಫಿಸಿಟ್’ ಕೂಡ ಅದರ ಸೋದರ ಪದವೇ. ಇದರ ಜೊತೆ ಕೇಳಿಬರುವ ‘ಇನ್‌ಸಫಿಶಿಯೆನ್ಸಿ’ ಎಂದರೆ ‘ಸಾಕಾಗದಿರುವುದು’. ವೈದ್ಯರು ‘ರೀನಲ್ ಇನ್‌ಸಫಿಶಿಯೆನ್ಸಿ’ ಎಂದರೆ ಮೂತ್ರಪಿಂಡ ನಿಂತೇಹೋಗಿದೆ ಎಂದಲ್ಲ, ಮಾಡಬೇಕಾದಷ್ಟು ಕೆಲಸ ಮಾಡುತ್ತಿಲ್ಲ ಎಂದರ್ಥ.

ಅಳತೆ ಯಾವುದು?

ಕೊರತೆ ಎಂದು ಹೇಳಬೇಕಾದರೆ ಮೊದಲು ಅಳತೆಯೊಂದು ಇರಬೇಕು. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆ ದೀರ್ಘಕಾಲದ ಸರಾಸರಿಗಿಂತ ಶೇ. 19ರವರೆಗೆ ಹೆಚ್ಚು ಕಡಿಮೆಯಾದರೂ ಅದು ‘ವಾಡಿಕೆ’ ಮಳೆ. ಶೇ. 20ರಿಂದ 59ರಷ್ಟು ಕಡಿಮೆಯಾದರೆ ‘ಕೊರತೆ’. ಶೇ. 60ರಿಂದ 99ರಷ್ಟು ಕಡಿಮೆಯಾದರೆ ‘ತೀವ್ರ ಕೊರತೆ’. ಹಾಗಾಗಿ ಪಟ್ಟಿಯಲ್ಲಿ ‘ವಾಡಿಕೆ’ ಎಂದಿದ್ದರೂ ತೊಗರಿ ಹೂ ಬಿಡುವ ಹೊತ್ತಿಗೆ ಹೊಲ ಒಣಗಿರಬಹುದು. ಲೆಕ್ಕ ಒಟ್ಟು ಮಳೆಯದ್ದು, ಬೆಳೆಗೆ ಬೇಕಾದ ದಿನದ್ದಲ್ಲ.

ವಿಟಮಿನ್ ಡಿ ವಿಷಯದಲ್ಲಿ ಅಳತೆಯ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2011ರಲ್ಲಿ, ಒಂದು ಮಿಲಿಲೀಟರ್ ರಕ್ತದಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ‘ಡೆಫಿಶಿಯೆನ್ಸಿ’, 21ರಿಂದ 29ರವರೆಗೆ ‘ಇನ್‌ಸಫಿಶಿಯೆನ್ಸಿ’ ಎಂದಿತ್ತು. ಅದೇ ದೇಶದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಮಾತ್ರ 20 ಇದ್ದರೆ ಬಹುತೇಕ ಎಲ್ಲರಿಗೂ ಸಾಕು ಎಂದಿತು. 2024ರಲ್ಲಿ ಎಂಡೋಕ್ರೈನ್ ಸೊಸೈಟಿಯೂ ತನ್ನ ಹಳೆಯ ಗೆರೆಗಳನ್ನು ಕೈಬಿಟ್ಟಿತು. ನಿಮ್ಮ ರಿಪೋರ್ಟಿನಲ್ಲಿ 24 ಎಂದು ಬಂದು ಪಕ್ಕದಲ್ಲಿ ‘ಇನ್‌ಸಫಿಶಿಯೆಂಟ್’ ಎಂದಿದ್ದರೆ ಅದೊಂದೇ ಪದ ನೋಡಿ ಮಾತ್ರೆ ನುಂಗಬೇಕಾಗಿಲ್ಲ. ಹಾಗೆಂದು ‘ನಮ್ಮ ಕಡೆಯ ಬಿಸಿಲಿಗೆ ವಿಟಮಿನ್ ಡಿ ಕೊರತೆ ಬರಲ್ಲ’ ಎಂಬುದೂ ಸರಿಯಲ್ಲ. ಬಿಸಿಲು ಊರಿನಲ್ಲಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು. ಸುಡುಬಿಸಿಲಿಗೆ ಹೆದರಿ ಒಳಗೇ ಇರುವವರಿಗೆ ಅದು ದಕ್ಕುವುದಿಲ್ಲ.

ಇದ್ದೂ ಸಿಗದ ಕೊರತೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗದ ನೆಲದಡಿ ಸುಣ್ಣದ ಕಲ್ಲಿದೆ. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದು ಅದಕ್ಕೇ. ಸುಣ್ಣದ ಅಂಶ ಹೆಚ್ಚಿರುವ ಹೊಲದಲ್ಲಿ ಬೆಳೆಯ ಎಳೆ ಎಲೆಗಳ ನರ ಮಾತ್ರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಕ್ಷಾರ ಮಣ್ಣಿನಲ್ಲಿ ಅದು ನೀರಿನಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ, ಬೇರಿಗೆ ಸಿಗುವುದಿಲ್ಲ. ಮಣ್ಣಿಗೆ ಸುರಿದ ಫೆರಸ್ ಸಲ್ಫೇಟ್ ಕೂಡ ಹೀಗೆಯೇ ಬೇಗ ಕೈತಪ್ಪಿಹೋಗುತ್ತದೆ. ಅದಕ್ಕೇ ಅದನ್ನು ಎಲೆಗೆ ಸಿಂಪಡಿಸಲು ಹೇಳುತ್ತಾರೆ.

ಮೈಯಲ್ಲೂ ಹೀಗೇ. ಜೋಳದ ರೊಟ್ಟಿ, ತೊಗರಿ ಬೇಳೆ ಎರಡರಲ್ಲೂ ಕಬ್ಬಿಣವಿದೆ. ಆದರೆ ಧಾನ್ಯದಲ್ಲಿರುವ ಫೈಟೇಟ್, ಊಟದ ಜೊತೆ ಕುಡಿಯುವ ಚಹಾ ಅದನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತವೆ. ಊಟಕ್ಕೆ ಲಿಂಬೆ ಹಿಂಡಿಕೊಂಡರೆ, ಚಹಾವನ್ನು ಒಂದು ತಾಸು ಆಚೆಗಿಟ್ಟರೆ ಅದೇ ಊಟದಿಂದ ಹೆಚ್ಚು ಕಬ್ಬಿಣ ದಕ್ಕುತ್ತದೆ. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ ಒಂದು ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಇದು ಇತ್ತು. ಆದರೆ ಎಲ್ಲ ರಕ್ತಹೀನತೆಗೂ ಕಬ್ಬಿಣವೇ ಕಾರಣವಲ್ಲ. ಬಿ12 ಕೊರತೆ, ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ, ಕೊಕ್ಕೆಹುಳು, ಥಲಸ್ಸೀಮಿಯಾ ಕೂಡ ಕಾರಣವಾಗಬಹುದು. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಸುಸ್ತು ಹೋಗದಿದ್ದರೆ ಇನ್ನೊಂದು ಡಬ್ಬಿ ತರುವ ಬದಲು ಕಾರಣ ಪರೀಕ್ಷಿಸಿ ಎಂದು ವೈದ್ಯರನ್ನು ಕೇಳಬೇಕು.

ಇನ್ನು ಮುಂದೆ ‘ಡೆಫಿಶಿಯೆನ್ಸಿ’ ಎಂದು ಎಲ್ಲೇ ಓದಿದರೂ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಯಾವ ಅಳತೆಗಿಂತ ಕಡಿಮೆ? ಅದು ಬರುತ್ತಿಲ್ಲವೋ, ಬಂದರೂ ದಕ್ಕುತ್ತಿಲ್ಲವೋ? ಮಾಡಬೇಕಾದ ಉಪಾಯ ಈ ಉತ್ತರಗಳ ಮೇಲೆ ನಿಂತಿರುತ್ತದೆ.