ಚಾವಿ ಮಡಚಿತು, ಗಾಡಿ ಹಳೆಯದೇ

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಮೊದಮೊದಲು ಚಾವಿ ಇತ್ತು. ಆದರೆ ಎಲ್ಲ ಜೀಪುಗಳಿಗೂ ಒಂದೇ ಚಾವಿ. ಅದೂ ಯಾವನೋ ಸಿಪಾಯಿಯ ಜೇಬಿನಲ್ಲಿ ಉಳಿದರೆ ರಣರಂಗದಲ್ಲಿ ಗತಿಯೇನು? ಯುದ್ಧದ ನಡುವೆಯೇ ಚಾವಿ ಹೋಗಿ, ಬರೀ ಕೈಯಿಂದ ತಿರುವುವ ಸ್ವಿಚ್ಚು ಬಂತು. ಎಂಜಿನ್ ಎಬ್ಬಿಸಲು ಕಾಲಡಿಯ ಗುಂಡಿ ತುಳಿದರಾಯಿತು. ಯುದ್ಧ ಮುಗಿದ ಮೇಲೆ ಮಹೀಂದ್ರಾದವರು ಮುಂಬಯಿಯಲ್ಲಿ ಜೋಡಿಸಿ ಮಾರಿದ್ದು ಇದೇ ವಂಶದ ಜೀಪುಗಳನ್ನು.

ಕಾರಿನ ಚಾವಿಯ ಕೆಲಸ ಆಗ ಅಷ್ಟೇ ಚಿಕ್ಕದು. ಹ್ಯಾಂಡಲ್ ಹೊಡೆಯುವ ಕಷ್ಟ ತಪ್ಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತಾದರೂ, ಚಾವಿ ತಿರುವಿದರೆ ಎಂಜಿನ್ನೂ ತಿರುಗುವ ಏರ್ಪಾಟನ್ನು ಕ್ರೈಸ್ಲರ್ ತಂದದ್ದು 1949ರಲ್ಲಿ. ನಮ್ಮ ಡ್ರೈವರುಗಳು ಇಂದಿಗೂ 'ಸೆಲ್ಫ್ ಹೊಡಿ' ಅನ್ನುತ್ತಾರೆ. ಚಾವಿಗೆ ಆ ಗೌರವ ಇನ್ನೂ ಸಂದಿಲ್ಲ.

ಚಾವಿಯನ್ನು ನೆಚ್ಚದ ಗಾಡಿಗಳು ಇಂದಿಗೂ ಇವೆ; ನೋಡಲು ಅಕಿವಾಟದ ಕಡೆ ಬಂದರೆ ಸಾಕು. ಶಿರೋಳ ತಾಲೂಕಿನ ಈ ಊರು ಕೊಲ್ಹಾಪುರ ಜಿಲ್ಲೆಯ ಪೂರ್ವದ ಅಂಚಿನಲ್ಲಿದೆ. ಕುರುಂದವಾಡ ಒಂದು ಕಡೆ, ಗಡಿಯಾಚೆ ಚಿಕ್ಕೋಡಿ ಸೀಮೆ ಇನ್ನೊಂದು ಕಡೆ. ಎಂಎಚ್-09 ಗಾಡಿಯೂ ಕೆಎ-23 ಗಾಡಿಯೂ ಒಂದೇ ರಸ್ತೆಯಲ್ಲಿ ಎದುರುಬದುರಾಗುವ ಸೀಮೆ ಇದು. ಸುತ್ತಲೂ ಕಬ್ಬು, ಪಕ್ಕದ ಟಾಕಳಿವಾಡಿಯಲ್ಲಿ ಸಕ್ಕರೆ ಕಾರಖಾನೆ. ಹಂಗಾಮಿನಲ್ಲಿ ಸಾಲುಗಟ್ಟಿ ನಿಲ್ಲುವ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಗಾಡಿಗಳಿಗೆ ಅದೇ ಕಂಪನಿಯ ಇನ್ನೊಂದರ ಚಾವಿ ಹತ್ತುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಹೀಗಾಗಿ ಟ್ರ್ಯಾಕ್ಟರ್ ಕಾಯುವವನು ಅದರ ಮಗ್ಗುಲಲ್ಲೇ ಮಲಗಿದ ಡ್ರೈವರನೇ ಹೊರತು ಚಾವಿಯಲ್ಲ.

ಚಾವಿಯೇ ಕಳೆದರೆ? ಮಹಾರಾಷ್ಟ್ರ, ಕರ್ನಾಟಕಗಳ ಎಷ್ಟೋ ಊರುಗಳಲ್ಲಿ ಈ ಪ್ರಶ್ನೆಗೆ ಉತ್ತರವಾದವರು ಸಿಖ್ ಶಿಕಲಗಾರರು. ಮೂಲದಲ್ಲಿ ಕತ್ತಿ, ಬಾಕು ಮಾಡಿ ಸಾಣೆ ಹಿಡಿಯುತ್ತಿದ್ದವರು. ದಂಡುಗಳು ಹೋಗಿ, 1878ರ ಶಸ್ತ್ರ ಕಾಯ್ದೆ ಬಂದು, ಆಯುಧದ ಗಿರಾಕಿ ಕರಗಿದ ಮೇಲೆ ಅದೇ ಕೈ ಬಕೆಟ್ಟು, ಕಡಾಯಿ, ಬೀಗ, ಚಾವಿಗಳಿಗೆ ಹೊಂದಿಕೊಂಡಿತು. ಪೇಟೆಯ ಮೂಲೆಯಲ್ಲಿ ಒಂದು ಛತ್ರಿ, ತಂತಿಗೆ ಪೋಣಿಸಿದ ನೂರಾರು ಬ್ಲ್ಯಾಂಕುಗಳು (ಇನ್ನೂ ಹಲ್ಲು ಕಡಿಯದ ಚಾವಿಗಳು), ಒಂದು ಚಿಕ್ಕ ಹಿಡಿಕೆ, ನಾಲ್ಕಾರು ಅರಗಳು. ಅಂಗಡಿ ಎಂದರೆ ಇಷ್ಟೇ.

ಅವರ ಕೆಲಸ ನೋಡುವಂಥದ್ದು. ಬ್ಲ್ಯಾಂಕಿನ ಅಂಚಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಬಾಗಿಲ ಕೀಲಿಯೊಳಗೆ ಹಾಕಿ, ಬಿಗಿಯಾಗಿ ಅತ್ತಿತ್ತ ಅಲುಗಿಸಿ ಹೊರತೆಗೆಯುತ್ತಾರೆ. ಒಳಗಿನ ಹಿತ್ತಾಳೆ ತಗಡುಗಳು ಒತ್ತಿದ ಕಡೆ ಮಸಿ ಅಳಿಸಿ ಲೋಹ ಮಿಣುಕುತ್ತದೆ. ಅಲ್ಲಿ ಮಾತ್ರ ಅರದಿಂದ ಎರಡು ಉಜ್ಜು. ಮತ್ತೆ ಮಸಿ, ಮತ್ತೆ ಒಳಗೆ. ಗುರುತು ಮೂಡುವುದು ನಿಂತಲ್ಲಿ ಅರವೂ ನಿಲ್ಲಬೇಕು. ಒಂದು ಉಜ್ಜು ಹೆಚ್ಚಾದರೂ ಬ್ಲ್ಯಾಂಕು ಮೋಡಕಾಕ್ಕೆ. ಮೂಲ ಚಾವಿಯ ನೆರಳೂ ಕಾಣದೆ, ಬರೀ ಬೀಗದಿಂದಲೇ ಚಾವಿ ಹುಟ್ಟಿಸುವ ಈ ವಿದ್ಯೆಯ ಮುಂದೆ ಇಂದಿನ ಕಟಿಂಗ್ ಮಶೀನು ಬರೀ ನಕಲುಗಾರ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800 ಕಾರಿನ ಚಾವಿಯನ್ನು ದೆಹಲಿಯ ಹರಪಾಲ್ ಸಿಂಗ್ ಅವರ ಕೈಗಿತ್ತರು. ಮಧ್ಯಮ ವರ್ಗದ ಕೈಗೆ ಕಾರು ಬಂದ ಗಳಿಗೆ ಅದು. ಆ ಕಾಲದ 800ರ ಚಾವಿ ಮಾತ್ರ ಕಪಾಟಿನ ಚಾವಿಗಿಂತ ಹೆಚ್ಚೇನಲ್ಲ. ಹತ್ತು ಹದಿನೈದು ವರ್ಷ ತಿರುವಿ ಚಾವಿಯೂ ತಗಡುಗಳೂ ಸವೆದ ಮೇಲೆ ಒಬ್ಬರ ಚಾವಿ ಇನ್ನೊಬ್ಬರ ಗಾಡಿಗೆ ಹತ್ತಿದ ಕಥೆಗಳು ಊರೂರಲ್ಲೂ ಇವೆ.

1990ರ ದಶಕದಲ್ಲಿ ಜರ್ಮನಿಯ ಕಾರುಗಳ ಚಾವಿ ಮಡಚತೊಡಗಿತು. ಕಾರಣ ಸರಳ: ರಿಮೋಟಿನ ಡಬ್ಬಿಯೂ ಚಾವಿಯೂ ಒಂದಾದಾಗ ಅದು ಜೇಬಿಗೆ ಉದ್ದವಾಯಿತು, ಚೂಪು ತುದಿ ಬಟ್ಟೆ ಹರಿಯಿತು. ಸ್ಪ್ರಿಂಗ್ ಇಟ್ಟು ಪಟ್ಟಿಯನ್ನು ಒಳಗೆ ಮಡಚಿದರು. ಅದೇ ಹೊತ್ತಿಗೆ ಹುಣಸೆ ಬೀಜದಷ್ಟು ಚಿಪ್ ಚಾವಿಯ ತಲೆಯೊಳಗೆ ಸೇರಿತು. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಶನ್ ಕೀಲಿಯ ಸುತ್ತಲಿನ ತಂತಿಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಗುರುತು ತಾಳೆಯಾಗದಿದ್ದರೆ ಎಂಜಿನ್ ನಡೆಯದು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಮಾರುತಿಯವರು ಇದನ್ನು ಐ-ಕ್ಯಾಟ್ಸ್ ಎಂಬ ಹೆಸರಿನಲ್ಲಿ ತಂದರು.

ಹಳೆಯ ಗಾಡಿಯವರಿಗೆ ಆಸೆ ಹುಟ್ಟಿಸಿದ್ದು ಚಿಪ್ ಅಲ್ಲ, ಟಕ್ಕೆಂದು ತೆರೆಯುವ ಆ ಪಟ್ಟಿ. ಬೇಡಿಕೆ ಬಂದ ಮೇಲೆ ಮಾಲು ಬಾರದಿರುತ್ತದೆಯೇ? ಅಲಾರಂ, ರಿಮೋಟ್ ಕೂರಿಸುವ ಪದ್ಧತಿಯನ್ನು ನಾಸಿಕದ ಆಟೋಕಾಪ್‌ನಂಥ ಕಂಪನಿಗಳು ಮೊದಲೇ ಬೆಳೆಸಿದ್ದವು. ಮಡಚುವ ಚಾವಿ ಅದರ ಬೆನ್ನಿಗೇ ಬಂತು. ಇಚಲಕರಂಜಿಯಲ್ಲಾಗಲಿ ನಿಪ್ಪಾಣಿಯಲ್ಲಾಗಲಿ ಈ ಚಾವಿ ಹಾಕಿಸಲು ಹಳೆಯ ಗಾಡಿ ಬಂದರೆ ಬಲ್ಲ ಕೆಲಸಗಾರ ಮೊದಲು ಕೇಳುವ ಪ್ರಶ್ನೆ ಒಂದೇ: 'ಇದರಾಗ ಚಿಪ್ ಐತೇನ್ರಿ?'

ಇಲ್ಲವಾದರೆ ಕೆಲಸ ವೈರಿಂಗಿನದು. ನಾಲ್ಕೂ ಬಾಗಿಲ ಒಳಹಾಳೆ ಬಿಚ್ಚಿ, ಲಾಕಿನ ಕಡ್ಡಿಗೆ ಪುಟ್ಟ ಮೋಟರು ಕಟ್ಟಬೇಕು. ಡ್ರೈವರ್ ಬಾಗಿಲಿನದಕ್ಕೆ ಐದು ವೈರು, ಉಳಿದವಕ್ಕೆ ಎರಡೆರಡು. ಎಲ್ಲವೂ ಡ್ಯಾಶ್‌ಬೋರ್ಡಿನಡಿಯ ಪೆಟ್ಟಿಗೆಗೆ. ಕೊನೆಗೆ ಹೊಸ ಪಟ್ಟಿಯನ್ನು ಹಳೆಯ ಚಾವಿಯ ಅಳತೆಗೆ ಕಡಿದು ಡಬ್ಬಿಗೆ ಪಿನ್ ಹೊಡೆಯುವುದು.

ಚಿಪ್ ಇದ್ದರೆ ಮೂಲ ಚಾವಿಯ ತಲೆ ಸೀಳಿ, ಅಂಟಿನಿಂದ ಅದನ್ನು ಬಿಡಿಸಿ, ಹೊಸ ಡಬ್ಬಿಗೆ ಸಾಗಿಸುವುದು ವಾಡಿಕೆ. ಮರೆತರೆ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಹಟ ಹಿಡಿಯುತ್ತದೆ. ಇಲ್ಲೊಂದು ಕಳ್ಳದಾರಿಯೂ ಉಂಟು. ಚಿಪ್ಪನ್ನು ಸ್ಟೀರಿಂಗ್ ಕವಚದೊಳಗೆ, ತಂತಿಸುರುಳಿಯ ಪಕ್ಕದಲ್ಲೇ ಟೇಪು ಸುತ್ತಿ ಬಿಟ್ಟುಬಿಡುವುದು. ಆಮೇಲೆ ಯಾವ ಸಾದಾ ಚಾವಿಯಿಂದಲೂ ಗಾಡಿ ಎದ್ದೇಳುತ್ತದೆ. ಮಾಲೀಕನ ಕೈಯಲ್ಲಿ ಹೊಸಕಾಲದ ಚಾವಿ. ಗಾಡಿಯ ಭದ್ರತೆ 1983ಕ್ಕೆ ವಾಪಸು. ಜೀಪಿನ ಸೇನೆ ಬೇಕೆಂದೇ ಮಾಡಿದ್ದನ್ನು ಇವರು ದುಡ್ಡು ಕೊಟ್ಟು ಮಾಡಿಸಿಕೊಂಡಂತಾಯಿತು.

ನುರಿತವರು ಮೂಲ ಚಾವಿಯನ್ನು ಮುಟ್ಟುವುದಿಲ್ಲ. ಹೊಸ ಚಿಪ್ ಹಾಕಿ, ಅದನ್ನು ಗಾಡಿಗೆ ಕಲಿಸಿ, ಹಳೆಯದನ್ನು ಇಡಿಯಾಗಿ ವಾಪಸು ಕೊಡುತ್ತಾರೆ. ಗಾಡಿ ಕಳುವಾದರೆ ವಿಮೆಯವರು ಕೇಳುವುದು ಕಂಪನಿಯ ಎರಡೂ ಚಾವಿಗಳನ್ನು. ಸೀಳಿದ ತಲೆ ತೋರಿಸಿದರೆ ಪ್ರಶ್ನೆಗಳ ಸುರಿಮಳೆ. ಆದರೆ ಹದಿನೈದು ಇಪ್ಪತ್ತು ವರ್ಷದ ಗಾಡಿಗೆ ಪೂರ್ತಿ ವಿಮೆ ಕಟ್ಟುವವರು ವಿರಳ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಕಳುವಿಗೆ ಪರಿಹಾರವೇ ಇಲ್ಲ, ಚಾವಿ ಕೇಳುವವರೂ ಇಲ್ಲ.